ಉಮೇದಿನ ಜಂಟಿ ಸಂಚಿಕೆ

ನಾನು ಒಂದು ಮಾಸಪತ್ರಿಕೆಯ ಆಜೀವ ಚಂದಾದಾರ. ಯಾರ ಜೀವ ಇರುವವರೆಗೆ ಎಂದು ರಸೀದಿಯಲ್ಲಿ ಬರೆದಿರಲಿಲ್ಲ. ಕೇಳಬೇಕಿತ್ತು. ಸಂಕೋಚಪಟ್ಟು ಕೇಳಲಿಲ್ಲ. ಈಗ ಉತ್ತರ ಗೊತ್ತಾಗಿದೆ. ನಾನು ಗಟ್ಟಿಮುಟ್ಟಾಗಿದ್ದೇನೆ, ಬಿ.ಪಿ. ಮಾತ್ರೆ ತಪ್ಪದೆ ನುಂಗುತ್ತೇನೆ. ಏದುಸಿರು ಬಿಡುತ್ತಿರುವುದು ಪತ್ರಿಕೆ.

ಹಾಗೆಂದರೆ ಸಂಪಾದಕರು ಒಪ್ಪುವುದಿಲ್ಲ. ಪತ್ರಿಕೆಗೆ ಕಾಯಿಲೆ ಏನೂ ಇಲ್ಲವಂತೆ. ಅದು ಹೊಸ ರೂಪ ಪಡೆಯುತ್ತಿದೆಯಂತೆ.

ಈಚೆಗೆ ಬಂದ ಸಂಪಾದಕೀಯದ ಸಾರ ಇಷ್ಟು. ತಿಂಗಳಿಗೊಂದು ಸಂಚಿಕೆ ತರುವ ಧಾವಂತದಲ್ಲಿ ಬಳಗದ ಸೃಜನಶೀಲ ಉತ್ಸಾಹ ಬತ್ತಿದೆ. ಅದನ್ನು ಮರಳಿ ಪಡೆಯಲು ಪತ್ರಿಕೆ ಇನ್ನು ಮೂರು ತಿಂಗಳಿಗೊಮ್ಮೆ ಬರಲಿದೆ. ಆಕಾರ ಹೊಸದು, ವಿನ್ಯಾಸ ಹೊಸದು, ಅಂಕಣಗಳ ಹೆಸರು ಹೊಸವು. ಓದುಗರು ಎಂದಿನಂತೆ ಸಹಕರಿಸಬೇಕು.

ಎಂದಿನಂತೆ! ಇಡೀ ಸಂಪಾದಕೀಯದಲ್ಲಿ ಸತ್ಯ ಹೇಳಿದ್ದು ಆ ಒಂದು ಪದ. ಯಾಕೆಂದರೆ ಏಳೆಂಟು ವರ್ಷದಲ್ಲಿ ಇದು ನಾಲ್ಕನೇ ಅವತಾರ. ಲೆಕ್ಕದ ಪ್ರಕಾರ ಇನ್ನೂ ಆರು ಬಾಕಿ ಇವೆ.

ನಾನು ಬ್ಯಾಂಕಿನಲ್ಲಿ ಸವೆದವನು. ಸಾಹಿತ್ಯ ಅರ್ಥವಾಗದಿದ್ದರೂ ಕೂಡುವುದು ಕಳೆಯುವುದು ಬರುತ್ತದೆ. ಚಂದಾ ಕಟ್ಟಿದಾಗ ಪತ್ರಿಕೆ ಡೆಮಿ 1/8 ಅಳತೆಯದು, 64 ಪುಟ, ತಿಂಗಳಿಗೊಂದು. ವರ್ಷಕ್ಕೆ 768 ಪುಟ. ಮೊದಲ ಸಲ ಉತ್ಸಾಹ ಬತ್ತಿದಾಗ ಎರಡು ತಿಂಗಳಿಗೊಂದಾಯಿತು. 384 ಪುಟ. ಆಮೇಲೆ ಓದುಗರ ಒತ್ತಾಯಕ್ಕೆ ಮಣಿದು ಮತ್ತೆ ಮಾಸಿಕವಾಯಿತು. ಪುಟ ಮಾತ್ರ 32. ಅಂದರೆ ಅದೇ 384. ಯಾವ ಓದುಗ ಒತ್ತಾಯಿಸಿದನೋ, ಸಿಕ್ಕರೆ ಅವನಿಗೊಂದು ಶಾಲು ಹೊದಿಸಬೇಕು. ಈಗ 80 ಪುಟದ ನಾಲ್ಕು ಸಂಚಿಕೆ. 320.

ಉತ್ಸಾಹ ಪ್ರತಿ ಸಲವೂ ಮರಳಿ ಬಂದಿದೆ. ಮರಳಿ ಬರದಿರುವುದು ಪುಟಗಳು.

ಕ್ಷಮಿಸಿ, ತಪ್ಪು ಹೇಳಿದೆ. ಲೆಕ್ಕಕ್ಕೆ ಜಂಟಿ ಸಂಚಿಕೆಗಳನ್ನು ಹಿಡಿದಿಲ್ಲ. ಕನ್ನಡ ಸಾಹಿತ್ಯ ಪತ್ರಿಕೆಗಳು ಲೋಕಕ್ಕೆ ಕೊಟ್ಟ ಅಪರೂಪದ ಪ್ರಕಾರ ಅದು. ಸಂಪುಟ 14, ಸಂಚಿಕೆ 3-4-5. ನಡುವೆ ಎರಡು ಅಡ್ಡಗೆರೆ ಎಳೆದರೆ ಮೂರು ತಿಂಗಳ ಸಾಲ ಚುಕ್ತಾ. ನಾನು ಕೂಡ ಇದನ್ನು ಕಲಿಯಬೇಕಿತ್ತು. ಗೃಹಸಾಲದ ಕಂತನ್ನು 'ಜೂನ್-ಜುಲೈ-ಆಗಸ್ಟ್' ಎಂದು ಬರೆದು ಒಂದೇ ಕಂತು ಕಟ್ಟಬಹುದಿತ್ತು. ನಮ್ಮ ಮ್ಯಾನೇಜರು ಅಡ್ಡಗೆರೆಯ ಮಹಿಮೆ ತಿಳಿಯದ ಒರಟ.

ಜಂಟಿ ಸಂಚಿಕೆಗೂ ಒಂದು ಕಾರಣ ಇರುತ್ತದೆ. 'ಅನಿವಾರ್ಯ ಕಾರಣಗಳಿಂದ'. ಯಾವ ಕಾರಣ ಎಂದು ಹೇಳುವುದಿಲ್ಲ. ಹೇಳಿದರೆ ಅದು ಅನಿವಾರ್ಯವಾಗಿ ಉಳಿಯುವುದಿಲ್ಲ.

ಆಕಾರದ ಕಥೆಗೆ ಬರೋಣ. ಎರಡನೇ ಅವತಾರದಲ್ಲಿ ಪತ್ರಿಕೆ ಕ್ರೌನ್ 1/4 ಆಯಿತು. ದೊಡ್ಡ ಪುಟ. ನನಗೆ ಖುಷಿಯಾಯಿತು, ಹೆಚ್ಚು ಓದಲು ಸಿಕ್ಕೀತು ಎಂದು. ಬಿಡಿಸಿ ನೋಡಿದರೆ ಪುಟದ ಜೊತೆಗೆ ಅಂಚೂ ದೊಡ್ಡದಾಗಿದೆ. ನಾಲ್ಕೂ ಕಡೆ ಬಿಳಿ. ನಡುವೆ ಕವನವೊಂದು ಕೆರೆಯ ನಡುವಿನ ಮಂಟಪದ ಹಾಗೆ ಕೂತಿದೆ. ಫೋನ್ ಮಾಡಿ ಕೇಳಿದೆ. ಪುಟ ಉಸಿರಾಡಬೇಕು ಸಾರ್, ಎಂದರು ಕಲಾವಿದರು. ಪುಟ ಉಸಿರಾಡಲಿ. ಅದರ ಆಮ್ಲಜನಕದ ಬಿಲ್ಲು ನನ್ನ ತಲೆಗೆ ಯಾಕೆ?

ಅಕ್ಷರದ ಗಾತ್ರವೂ ಬದಲಾಯಿತು. ಮೊದಲು ಹಿಗ್ಗಿತು. 'ಹಿರಿಯ ಓದುಗರ ಅನುಕೂಲಕ್ಕಾಗಿ' ಎಂದರು. 32 ಪುಟಕ್ಕೆ ಇಳಿದಾಗ ಕುಗ್ಗಿತು. ಆಗ ಹಿರಿಯ ಓದುಗರ ಕಣ್ಣು ಸರಿಹೋಗಿತ್ತೇನೋ.

ಅಂಕಣಗಳ ನಾಮಕರಣ ಇನ್ನೊಂದು ಸಂಭ್ರಮ. 'ಪುಸ್ತಕ ವಿಮರ್ಶೆ' ಎಂಬುದು 'ಓದಿನ ಅಂಗಳ' ಆಯಿತು. ಆಮೇಲೆ 'ಹೊತ್ತಗೆಯ ಹೊತ್ತು'. ಈಗ 'ಅಕ್ಷರ ಅನುಸಂಧಾನ'. ಒಳಗೆ ಅದೇ ಮನುಷ್ಯ, ಅದೇ ಗೆಳೆಯನ ಪುಸ್ತಕವನ್ನು ಅದೇ ಆರು ವಿಶೇಷಣಗಳಿಂದ ಹೊಗಳುತ್ತಾನೆ. ಆರನ್ನೂ ನಾನು ಬಾಯಿಪಾಠ ಹೇಳಬಲ್ಲೆ. ಕೊನೆಯದು 'ಮಹತ್ವದ'.

ಬೇಕಿದ್ದರೆ ಗಮನಿಸಿ. ಈ ಉತ್ಸಾಹ ಎಂಬುದು ಒಂದೇ ದಿಕ್ಕಿಗೆ ಹರಿಯುವ ಹೊಳೆ. ವಾರಪತ್ರಿಕೆ ಪಾಕ್ಷಿಕವಾಗುತ್ತದೆ. ಪಾಕ್ಷಿಕ ಮಾಸಿಕವಾಗುತ್ತದೆ. ಮಾಸಿಕ ತ್ರೈಮಾಸಿಕ. ತ್ರೈಮಾಸಿಕ ವಾರ್ಷಿಕ ವಿಶೇಷಾಂಕ. ಕಡೆಗೆ ಕನ್ನಡದ ಅತಿ ಪ್ರಾಮಾಣಿಕ ಪದ: ಅನಿಯತಕಾಲಿಕ. ಯಾವಾಗ ಬರುತ್ತದೋ ನಮಗೂ ಗೊತ್ತಿಲ್ಲ ಎಂಬುದನ್ನು ಸಂಸ್ಕೃತದಲ್ಲಿ ಹೇಳುವ ವಿಧಾನ. ಸಮುದ್ರ ಸೇರುವುದು ಗೊತ್ತು, ಯಾವ ತಿಥಿಗೆ ಎಂಬುದಷ್ಟೇ ಬಾಕಿ.

ಉತ್ಸಾಹ ಉಕ್ಕಿ ತಡೆಯಲಾಗದೆ ತಿಂಗಳ ಪತ್ರಿಕೆಯನ್ನು ವಾರಕ್ಕೊಮ್ಮೆ ತರುತ್ತೇವೆ ಎಂದವರನ್ನು ನೀವು ಕಂಡಿದ್ದೀರಾ? ನಾನು ಕಂಡಿಲ್ಲ. ಹುರುಪು ಹೆಚ್ಚಾದರೆ ಕೆಲಸ ಯಾಕೆ ಕಡಿಮೆಯಾಗುತ್ತದೆ ಎಂದು ನನ್ನ ಮೊಮ್ಮಗಳು ಕೇಳಿದಳು. ಅವಳಿಗೆ ಒಂಬತ್ತು ವರ್ಷ. ಸಾಹಿತ್ಯ ಇನ್ನೂ ಅರ್ಥವಾಗುವುದಿಲ್ಲ.

ಮೂರನೇ ಅವತಾರಕ್ಕೆ ಮುಂಚೆ ಒಂದು ಸಭೆ ಕರೆದಿದ್ದರು. ಓದುಗರ ಸಮಾಲೋಚನಾ ಸಭೆ. ಹೋದೆ. ಉಪ್ಪಿಟ್ಟು, ಕೇಸರಿಬಾತು, ಕಾಫಿ. ವೇದಿಕೆಯ ಮೇಲೆ ಒಂಬತ್ತು ಜನ. ಕೆಳಗೆ ಹನ್ನೊಂದು. ಅದರಲ್ಲಿ ಇಬ್ಬರು ಸಭಾಂಗಣದವರು, ಬೀಗ ಹಾಕಲು ಕಾಯುತ್ತಿದ್ದರು.

ಸಂಪಾದಕರು ಅರ್ಧ ಗಂಟೆ ಮಾತಾಡಿದರು. ಓದುವ ಸಂಸ್ಕೃತಿ ನಶಿಸುತ್ತಿದೆ ಎಂದು ಕಳವಳ ಪಟ್ಟರು. ಯುವಜನತೆ ಮೊಬೈಲಿನ ದಾಸರಾಗಿದ್ದಾರೆ ಎಂದರು. ಆ ಹೊತ್ತಿಗೆ ಫೆಬ್ರವರಿ ಸಂಚಿಕೆ ಬಂದಿರಲಿಲ್ಲ. ಸಭೆ ನಡೆದದ್ದು ಏಪ್ರಿಲ್‌ನಲ್ಲಿ.

ನಾನು ಎದ್ದು ನಿಂತೆ. "ಸಾರ್, ಫೆಬ್ರವರಿ ಸಂಚಿಕೆ ಕೊಟ್ಟರೆ ನಾನು ಓದುತ್ತೇನೆ. ಸಂಸ್ಕೃತಿ ಒಂದಿಷ್ಟಾದರೂ ಉಳಿಯುತ್ತೆ."

"ನಿಮ್ಮಂಥ ಓದುಗರೇ ನಮ್ಮ ಆಸ್ತಿ ಸಾರ್" ಎಂದರು. ಸಭೆ ಚಪ್ಪಾಳೆ ತಟ್ಟಿತು. ಬೀಗದವರೂ ತಟ್ಟಿದರು. ಆಸ್ತಿಗೆ ಫೆಬ್ರವರಿ ಸಂಚಿಕೆ ಸಿಗಲಿಲ್ಲ.

"ತಿಂಗಳು ತಿಂಗಳೂ ಅಂದರೆ ಕಾರ್ಖಾನೆ ಆಗಿಬಿಡುತ್ತೆ ಸ್ವಾಮಿ" ಎಂದರು ಸಂಪಾದಕ ಮಂಡಳಿಯ ಕವಿಯೊಬ್ಬರು. "ಸೃಜನಶೀಲತೆಗೆ ಗಡುವು ಕೊಡಬಾರದು."

ಇದೇ ಕವಿಗಳು ದಸರಾ ಕವಿಗೋಷ್ಠಿಯ ಆಹ್ವಾನ ಬಂದ ದಿನವೇ ಕವನ ಬರೆದು, ಸಂಜೆಗೆ ಸಂಘಟಕರಿಗೆ ವಾಟ್ಸಾಪ್ ಮಾಡಿ, ಪ್ರಯಾಣಭತ್ಯೆಯ ಬಗ್ಗೆ ವಿಚಾರಿಸಿದ್ದನ್ನು ನಾನು ಬಲ್ಲೆ. ಆ ಗಡುವಿಗೆ ಸೃಜನಶೀಲತೆ ಎಷ್ಟು ಚುರುಕಾಗಿ ಸ್ಪಂದಿಸಿತ್ತು! ಗಡುವಿನ ಕೊನೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಇದ್ದರೆ ಅದು ಗಡುವಲ್ಲ, ಸ್ಫೂರ್ತಿ.

ಸಂಪಾದಕರಿಗೂ ಬಿಡುವಿಲ್ಲ ಎನ್ನುವುದು ನಿಜ. ಪುಸ್ತಕ ಬಿಡುಗಡೆ, ನುಡಿನಮನ, ವಿಚಾರ ಸಂಕಿರಣ, ಪ್ರಶಸ್ತಿ ಆಯ್ಕೆ ಸಮಿತಿ. ಎಲ್ಲ ಕಡೆಯೂ ಸಮಯಕ್ಕೆ ಸರಿಯಾಗಿ ಹೋಗುತ್ತಾರೆ. ಅವರು ದ್ವೈಮಾಸಿಕವಾಗಿ ಬರುವುದು ತಮ್ಮ ಪತ್ರಿಕೆಗೆ ಮಾತ್ರ.

ತಡದ ಪರಿಣಾಮ ಓದುಗನ ಮೇಲೆ ಮಾತ್ರ ಎಂದುಕೊಳ್ಳಬೇಡಿ. ಯುಗಾದಿಯ ಬೇವು ಬೆಲ್ಲದ ಕವನ ಗೌರಿ ಹಬ್ಬದ ಬಾಗಿನದ ಹೊತ್ತಿಗೆ ಬಂತು. ನಮ್ಮ ಪಕ್ಕದ ಬೀದಿಯ ಹುಡುಗಿಯೊಬ್ಬಳ ಕಥೆ 'ಸ್ವೀಕೃತವಾಗಿದೆ, ಬೇರೆಡೆ ಕಳಿಸಬೇಡಿ' ಎಂಬ ಉತ್ತರದೊಂದಿಗೆ ಎರಡು ವರ್ಷ ಕಾದು ಕೂತಿತು. ಈ ನಡುವೆ ಅವಳು ಓದು ಮುಗಿಸಿದಳು, ಕೆಲಸ ಹಿಡಿದಳು, ಮದುವೆಯಾದಳು. ಕಥೆ ಅಚ್ಚಾದಾಗ ಹೆಸರಿನ ಪಕ್ಕ 'ವಿದ್ಯಾರ್ಥಿನಿ' ಎಂದಿತ್ತು. ಸಂಭಾವನೆ? ಗೌರವ ಪ್ರತಿ. ಒಂದು.

ಎಪ್ಪತ್ತೈದು ತುಂಬಿದ ಹಿರಿಯರೊಬ್ಬರ ಮೇಲೆ ಅಭಿನಂದನಾ ಲೇಖನ ಬರೆಸಿದರು. ಒಳ್ಳೆಯ ಲೇಖನವೇ. ಸಂಚಿಕೆ ಬರುವಷ್ಟರಲ್ಲಿ ಅವರ ವೈಕುಂಠ ಸಮಾರಾಧನೆ ಮುಗಿದಿತ್ತು. ಲೇಖನದ ಕೊನೆಯ ಸಾಲು ನೂರ್ಕಾಲ ಬಾಳಲಿ ಎಂಬ ಹಾರೈಕೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ ಎಂದರಂತೆ ಮನೆಯವರಿಗೆ.

ನಮ್ಮ ಮನೆಗೆ ಹೇಳಿದ ಹೊತ್ತಿಗೆ ಬರುವ ಪ್ರಕಟಣೆ ಒಂದೇ. ಪಂಚಾಂಗ. ಯುಗಾದಿಗೆ ಮುಂಚೆ ಅಂಗಡಿಯಲ್ಲಿರುತ್ತದೆ. ಅದೇ ಅಳತೆ, ಅದೇ ಒರಟು ಕಾಗದ, ಅದೇ ಕಣ್ಣು ಕೀಳುವ ಸಣ್ಣಕ್ಷರ. ತಿಥಿ ನಕ್ಷತ್ರ ಲೆಕ್ಕ ಹಾಕಿ ಹಾಕಿ ನಮ್ಮ ಸೃಜನಶೀಲತೆ ಬತ್ತಿದೆ, ಈ ಸಂವತ್ಸರದಿಂದ ಎರಡು ಏಕಾದಶಿಗಳನ್ನು ಜಂಟಿಯಾಗಿ ಕೊಡುತ್ತೇವೆ ಎಂದು ಒಂಟಿಕೊಪ್ಪಲ್ ಪಂಚಾಂಗದವರು ಇದುವರೆಗೆ ಹೇಳಿಲ್ಲ. ಪುಟಕ್ಕೆ ಉಸಿರಾಡಲು ಜಾಗ ಬೇಕೆಂದು ರಾಹುಕಾಲವನ್ನು ಕೈಬಿಟ್ಟಿಲ್ಲ.

ಬದಲಾವಣೆಯೇ ಪಾಪ ಎನ್ನುವಷ್ಟು ಮೂಢ ನಾನಲ್ಲ. ಕನ್ನಡದ ಮೊದಲ ಪತ್ರಿಕೆಯೇ ಬದಲಾಗಿತ್ತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದ. ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ. ಮರುವರ್ಷವೇ ಅದು ಬಳ್ಳಾರಿಗೆ ಹೋಯಿತು. ಕಲ್ಲಚ್ಚು ಬಿಟ್ಟು ಮೊಳೆಯಚ್ಚು ಹಿಡಿಯಿತು. ಹೆಸರೂ 'ಕಂನಡ ಸಮಾಚಾರ' ಎಂದಾಯಿತು. ಊರು, ಅಚ್ಚು, ಹೆಸರು, ಮೂರೂ ಒಂದೇ ಏಟಿಗೆ! ಓದುವವರು ಮಂಗಳೂರಿನಾಚೆಗೂ ಇದ್ದರು, ಅವರನ್ನು ಮುಟ್ಟಬೇಕಿತ್ತು. ಹಳೆಯ ಅಂಗಿ ಬಿಗಿಯಾಯಿತು, ಹೊಸದು ಹೊಲಿಸಿದರು. ನಮ್ಮವರು ಮೈ ಸೊರಗಿದ್ದನ್ನು ಮುಚ್ಚಲು ಹೊಸ ಅಂಗಿ ಹೊಲಿಸುತ್ತಾರೆ.

ಜುಲೈ 1 ಈಗ ಪತ್ರಿಕಾ ದಿನ. ನಮ್ಮ ಸಂಪಾದಕರು ಆ ದಿನ ಮೋಗ್ಲಿಂಗನ ಬಗ್ಗೆ ಭಾಷಣ ಮಾಡುತ್ತಾರೆ. ಕೇಳಿದ್ದೇನೆ. ಚೆನ್ನಾಗಿಯೇ ಮಾಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಎಂಬ ಭಾಗವನ್ನು ಸ್ವಲ್ಪ ಬೇಗ ದಾಟುತ್ತಾರೆ.

ತ್ರೈಮಾಸಿಕವೇ ಕೀಳು ಎಂದೂ ನಾನು ಹೇಳುತ್ತಿಲ್ಲ. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದವರು 'ಪ್ರಬುದ್ಧ ಕರ್ಣಾಟಕ' ಶುರು ಮಾಡಿದ್ದು ತ್ರೈಮಾಸಿಕವಾಗಿಯೇ. ಎ.ಆರ್. ಕೃಷ್ಣಶಾಸ್ತ್ರಿಗಳು ಅದರ ಹಿಂದೆ ಇದ್ದರು. ವಿವೇಕ ಶಾನಭಾಗರ 'ದೇಶ ಕಾಲ' 2005ರಲ್ಲಿ ತ್ರೈಮಾಸಿಕವಾಗಿಯೇ ಹುಟ್ಟಿತು. ಏಳು ವರ್ಷ ನಡೆಸಿದರು, 2012ರಲ್ಲಿ ನಿಲ್ಲಿಸಿದರು. ಹುಟ್ಟಿನಿಂದ ತ್ರೈಮಾಸಿಕವಾಗಿರುವುದು ಬೇರೆ. ಓಡಲಾಗದೆ ಕೂತು, ನಾನು ಈಗ ಧ್ಯಾನ ಮಾಡುತ್ತಿದ್ದೇನೆ ಎನ್ನುವುದು ಬೇರೆ.

ನಿಲ್ಲಿಸುವುದು! ಅದೊಂದು ಮರ್ಯಾದೆಯ ಕೆಲಸ. ನಮ್ಮ ಸಂಪಾದಕರಿಗೆ ಮಾತ್ರ ಅದು ಹೊಳೆಯುವುದೇ ಇಲ್ಲ.

ವೈದ್ಯರಾಗಿದ್ದ ರಾಶಿ, ಅಂದರೆ ಡಾ. ಎಂ. ಶಿವರಾಂ, 1942ರಲ್ಲಿ 'ಕೊರವಂಜಿ' ಶುರು ಮಾಡಿದರು. ನಗೆ ಪತ್ರಿಕೆ, ತಿಂಗಳಿಗೊಂದು. 1967ರವರೆಗೆ ನಡೆಸಿದರು. ಇಪ್ಪತ್ತೈದು ವರ್ಷ, ರೋಗಿಗಳನ್ನೂ ನೋಡಿಕೊಂಡು. ನಗಿಸುವುದಕ್ಕಿಂತ ಹೆಚ್ಚು ಉತ್ಸಾಹ ಬೇಡುವ ಕೆಲಸ ಯಾವುದಿದೆ? ಯುದ್ಧಕಾಲದ ಕಾಗದದ ಅಭಾವದಲ್ಲಿ ಶುರುವಾದ ಪತ್ರಿಕೆ ಅದು. ಕಾಗದಕ್ಕೆ ಬರವಿದ್ದರೂ ನಗೆಗೆ ಇರಲಿಲ್ಲ. ನಮ್ಮಲ್ಲಿ ಕಾಗದ ಬೇಕಾದಷ್ಟಿದೆ, ನಾಲ್ಕೂ ಅಂಚಿನಲ್ಲಿ ಬಿಳಿಯಾಗಿ ಬಿದ್ದಿದೆ.

ಮಾಸ್ತಿಯವರು ಸರ್ಕಾರಿ ಕೆಲಸ ಬಿಟ್ಟ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ 'ಜೀವನ' ಪತ್ರಿಕೆಯ ಹೊಣೆ ಹೊತ್ತರು. 1944ರಿಂದ 1965ರವರೆಗೆ ಸಂಪಾದಕರಾಗಿದ್ದರು. ಬಿಡುವ ಹೊತ್ತಿಗೆ ಎಪ್ಪತ್ತು ದಾಟಿತ್ತು. ಆ ವಯಸ್ಸಿಗೆ ನಮ್ಮವರು ನಾಲ್ಕನೇ ಅಭಿನಂದನ ಗ್ರಂಥಕ್ಕೆ ಸಮಿತಿ ರಚಿಸುತ್ತಿರುತ್ತಾರೆ.

ಲಂಕೇಶ್ 1980ರಲ್ಲಿ ವಾರಪತ್ರಿಕೆ ತೆಗೆದರು. ಜಾಹೀರಾತು ಇಲ್ಲ. 2000ದ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಅದರ ಸಂಪಾದಕರಾಗಿಯೇ ಇದ್ದರು. ಅವರ ಜೊತೆ ನೀವು ನೂರು ಜಗಳ ಆಡಿ, ನಾನೂ ಆಡಿದ್ದೇನೆ. ಆದರೆ ವಾರ ಎಂದರೆ ಏಳು ದಿನ ಎಂಬ ವಿಷಯದಲ್ಲಿ ಅವರಿಗೆ ಗೊಂದಲ ಇರಲಿಲ್ಲ.

ಅವರೆಲ್ಲ ದೊಡ್ಡವರು, ಮಹನೀಯರ ಜೊತೆ ನಮ್ಮನ್ನು ಹೋಲಿಸಬೇಡಿ ಎನ್ನುತ್ತೀರಾ? ಸರಿ. ಸಾಹಿತ್ಯದ ಗೊಡವೆಯೇ ಇಲ್ಲದ ಉದಾಹರಣೆ ಕೊಡುತ್ತೇನೆ. ಪುತ್ತೂರಿನ 'ಅಡಿಕೆ ಪತ್ರಿಕೆ'. 1988ರಲ್ಲಿ ಹುಟ್ಟಿದ ಕೃಷಿ ಮಾಸಿಕ. ಶ್ರೀಪಡ್ರೆಯವರು ಕಟ್ಟಿ ಬೆಳೆಸಿದವರು. ಅವರು ಮಾಡಿದ ದೊಡ್ಡ ಬದಲಾವಣೆ ಕಾಗದದ ಅಳತೆಯದಲ್ಲ. ತೋಟದವನ ಕೈಗೇ ಲೇಖನಿ ಕೊಟ್ಟರು. ನೀವೇ ಬರೆಯಿರಿ ಎಂದರು. ಕಾಲುವೆ ತೋಡಿದವನು ಕಾಲುವೆಯ ಬಗ್ಗೆ ಬರೆದ, ಕೊಳೆರೋಗಕ್ಕೆ ಬೋರ್ಡೋ ಹೊಡೆದವನು ಬೋರ್ಡೋ ಬಗ್ಗೆ ಬರೆದ. ಬರೆಯುವ ಕೈ ಬದಲಾದರೆ ಹುರುಪಿಗೆ ಏನು ಕೊರತೆ?

ನಮ್ಮ ಪತ್ರಿಕೆಯಲ್ಲಿ ಎಲ್ಲವೂ ಬದಲಾಗಿದೆ. ಅಳತೆ, ಅಕ್ಷರ, ಅವಧಿ, ಲಾಂಛನ, ಬೆಲೆ. ಬರೆಯುವ ಕೈಯೊಂದನ್ನು ಮಾತ್ರ ಮುಟ್ಟಿಲ್ಲ. ನಾಲ್ಕು ಅವತಾರಗಳಲ್ಲೂ ಅದೇ ಒಂಬತ್ತು ಹೆಸರು. ವೇದಿಕೆಯ ಮೇಲೆ ಕೂತಿದ್ದ ಅದೇ ಒಂಬತ್ತು. ಇವರು ಅವರ ಬಗ್ಗೆ ಬರೆಯುತ್ತಾರೆ, ಅವರು ಇವರ ಬಗ್ಗೆ. ಮೂವತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರೆ ಉತ್ಸಾಹ ಬತ್ತದೆ ಇನ್ನೇನಾಗುತ್ತದೆ? ಅದಕ್ಕೆ ಪರಿಹಾರ ಮೂರು ತಿಂಗಳಿಗೊಮ್ಮೆ ನೋಡುವುದಂತೆ. ದಾಂಪತ್ಯದ ಸಲಹೆಯಾಗಿ ಇದು ಚೆನ್ನಾಗಿದೆ.

ಸರ್ಕಾರ ಈ ವಿಷಯದಲ್ಲಿ ಕವಿಗಳಿಗಿಂತ ಜಾಣ. 1867ರ ಪತ್ರಿಕಾ ನೋಂದಣಿ ಕಾಯ್ದೆ ಒಂದು ಮಾತು ಹೇಳುತ್ತಿತ್ತು. ಪತ್ರಿಕೆಯ ಹೆಸರು, ಭಾಷೆ ಅಥವಾ ಅವಧಿ ಬದಲಾದರೆ ಹಳೆಯ ಘೋಷಣಾ ಪತ್ರ ಅಲ್ಲಿಗೆ ಮುಗಿಯಿತು, ಹೊಸದಾಗಿ ಮ್ಯಾಜಿಸ್ಟ್ರೇಟರ ಮುಂದೆ ಘೋಷಿಸಬೇಕು. ಬ್ರಿಟಿಷರ ಕಾಲದ ಈ ಕಾಯ್ದೆ ಒಂದೂವರೆ ಶತಮಾನ ಬಾಳಿತು, 2024ರ ಮಾರ್ಚ್ 1ರಂದು ಹೊಸ ಕಾಯ್ದೆಗೆ ಜಾಗ ಬಿಟ್ಟಿತು. ಅಂದರೆ ಆ ಕಾಯ್ದೆಯ ಕಣ್ಣಲ್ಲಿ ಅವಧಿ ಬದಲಿಸುವುದೆಂದರೆ ಹಳೆಯದು ಸತ್ತಂತೆ. ಹೊಸ ರೂಪವಲ್ಲ, ಮರುಜನ್ಮ.

ನಮ್ಮ ಸಂಪಾದಕರು ಮರುಜನ್ಮದ ಖರ್ಚನ್ನೂ ಉಳಿಸಿದರು. ದಾಖಲೆಯಲ್ಲಿ ಮಾಸಿಕವಾಗಿಯೇ ಇದ್ದು, ಮನೆಗೆ ಮಾತ್ರ ತ್ರೈಮಾಸಿಕವಾಗಿ ಬಂದರು. ಮಾರ್ಚ್ ತಿಂಗಳಲ್ಲಿ ಪತ್ರಿಕೆಗಳು ತಮ್ಮ ಜಾತಕ ಅಚ್ಚು ಹಾಕುತ್ತಿದ್ದ ಫಾರಂ 4 ನೋಡಿದ್ದೀರಲ್ಲ? ಪ್ರಕಟಣೆಯ ಸ್ಥಳ, ಅವಧಿ, ಮುದ್ರಕರು, ಪ್ರಕಾಶಕರು, ಸಂಪಾದಕರು, ಮಾಲೀಕರು. ನಮ್ಮಲ್ಲಿ ಕೊನೆಯ ನಾಲ್ಕಕ್ಕೂ ಒಂದೇ ಹೆಸರು. 'ಅವಧಿ: ಮಾಸಿಕ'. ಕೆಳಗೆ, ಮೇಲ್ಕಂಡ ವಿವರಗಳು ನನಗೆ ತಿಳಿದಮಟ್ಟಿಗೆ ಸತ್ಯ ಎಂಬ ಸಹಿ. ಮುಖಪುಟದಲ್ಲಿ 'ಮಾರ್ಚ್-ಏಪ್ರಿಲ್-ಮೇ'. ಅವರಿಗೆ ತಿಳಿದಮಟ್ಟ ಅಷ್ಟು.

ಅಂಚೆ ಇಲಾಖೆಯ ಕಥೆ ಇನ್ನೂ ಸೊಗಸು. ಪತ್ರಿಕೆಗಳಿಗೆ ಅಗ್ಗದ ಅಂಚೆ ದರ ಇದೆ. ನೋಂದಾಯಿತ ಪತ್ರಿಕೆಯ 50 ಗ್ರಾಂ ಒಳಗಿನ ಪ್ರತಿಗೆ 25 ಪೈಸೆ ಎಂಬ ಈ ಕಾಲದ್ದಲ್ಲದ ದರ ವರ್ಷಗಟ್ಟಲೆ ಇತ್ತು. ಆದರೆ 2024ರವರೆಗೆ ಜಾರಿಯಲ್ಲಿದ್ದ 1898ರ ಅಂಚೆ ಕಾಯ್ದೆಯಲ್ಲಿ ಒಂದು ಷರತ್ತಿತ್ತು. ಎರಡು ಸಂಚಿಕೆಗಳ ನಡುವಿನ ಅಂತರ 31 ದಿನ ಮೀರಬಾರದು. ಚಂದಾದಾರರು ನಿಜವಾಗಿ ಇರಬೇಕು. ಮೂವತ್ತೆರಡನೇ ದಿನಕ್ಕೆ ನೀವು ಪತ್ರಿಕೆ ಅಲ್ಲ, ಬರಿಯ ಕಾಗದದ ಕಟ್ಟು. ನನ್ನ ಮಟ್ಟಿಗೆ ಇದು ಕನ್ನಡ ವಿಮರ್ಶೆಯಲ್ಲಿ ಬಂದ ಯಾವ ಮಾತಿಗಿಂತಲೂ ಸ್ಪಷ್ಟವಾದ ವಿಮರ್ಶೆ.

ಹಾಗಾಗಿ ಪ್ರತಿ ಹೊಸ ರೂಪದ ಬೆನ್ನಿಗೆ ಒಂದು ಕೋರಿಕೆ ಬರುತ್ತದೆ. ಅಂಚೆ ವೆಚ್ಚ ಏರಿದೆ. ಕಾಗದದ ಬೆಲೆ ಏರಿದೆ. ಆಜೀವ ಚಂದಾದಾರರು ಸ್ವಇಚ್ಛೆಯಿಂದ ಹೆಚ್ಚುವರಿ ಮೊತ್ತ ಕಳಿಸಿದರೆ ಸಂತೋಷ. ಸ್ವಇಚ್ಛೆಯಿಂದ ಎಂಬುದರ ಕೆಳಗೆ ಗೆರೆ ಎಳೆದಿರುತ್ತಾರೆ.

ಎರಡು ಸಲ ಕಳಿಸಿದ್ದೇನೆ. ನನ್ನ ಹೆಂಡತಿಗೆ ಒಂದು ಸಲ ಎಂದು ಹೇಳಿದ್ದೇನೆ.

ಯಾಕೆ ಕಳಿಸಿದೆ? ಇದನ್ನು ಒಪ್ಪಿಕೊಳ್ಳಬೇಕು. ಎಂಬತ್ತರ ದಶಕದಲ್ಲಿ ನಾವೂ ನಾಲ್ಕು ಜನ ಬ್ಯಾಂಕಿನ ಗೆಳೆಯರು ಸೇರಿ ಒಂದು ಕರಪತ್ರದಂಥ ಪತ್ರಿಕೆ ತಂದಿದ್ದೆವು. ಸೈಕ್ಲೋಸ್ಟೈಲ್. ಎಂಟು ಪುಟ. ಸ್ಟೆನ್ಸಿಲ್ ಕೊರೆಯುವವನು ನಾನು. ಹೊರಗೆ ಇಂಕು, ಒಳಗೆ ಬೆವರು. ಮೊದಲ ಮೂರು ಸಂಚಿಕೆ ತಿಂಗಳ ಮೊದಲ ಶನಿವಾರಕ್ಕೆ ಸರಿಯಾಗಿ ಬಂದವು. ನಾಲ್ಕನೆಯದಕ್ಕೆ ಬರೆಯಲು ಏನೂ ಇರಲಿಲ್ಲ. ನಾವು ನಾಲ್ವರೂ ಕಾಮತ್ ಹೋಟೆಲಿನಂಥ ಒಂದು ಹೋಟೆಲಿನಲ್ಲಿ ಕೂತು ಎರಡು ಗಂಟೆ ಚರ್ಚಿಸಿ ಒಂದು ನಿರ್ಧಾರಕ್ಕೆ ಬಂದೆವು. ಪತ್ರಿಕೆಯ ವಿನ್ಯಾಸ ಬದಲಿಸೋಣ.

ಹೌದು. ನಾನೇ ಹೇಳಿದ್ದು. ಕಾಗದವನ್ನು ಉದ್ದಕ್ಕೆ ಮಡಚುವ ಬದಲು ಅಡ್ಡಕ್ಕೆ ಮಡಚೋಣ ಎಂದೆ. ಎಲ್ಲರಿಗೂ ರೋಮಾಂಚನವಾಯಿತು. ಒಂದು ವಾರ ಯಾರಿಗೂ ನಿದ್ದೆ ಇಲ್ಲ. ಹೊಸ ಲಾಂಛನ ಬರೆಸಿದೆವು. ಹೆಸರಿನ ಕೆಳಗೆ ಒಂದು ಘೋಷವಾಕ್ಯ ಹಾಕಿದೆವು. ಅಡ್ಡಕ್ಕೆ ಮಡಚಿದ ನಾಲ್ಕನೇ ಸಂಚಿಕೆ ಅದ್ಭುತವಾಗಿ ಬಂತು. ಒಳಗೆ ಅಡ್ಡಕ್ಕೆ ಯಾಕೆ ಮಡಚಿದೆವು ಎಂಬುದರ ಬಗ್ಗೆ ಮೂರು ಪುಟದ ಸಂಪಾದಕೀಯ ಇತ್ತು. ಐದನೆಯದು ಬರಲಿಲ್ಲ.

ಆ ವಾರದ ಹುರುಪು ಸುಳ್ಳಲ್ಲ. ನಿಜವಾದದ್ದೇ. ಮನೆಗೆ ಸುಣ್ಣ ಬಳಿಸಿದ ವಾರ ಎಲ್ಲರಿಗೂ ಉತ್ಸಾಹ ಇರುತ್ತದೆ. ಒಲೆ ಹಚ್ಚಲು ಅಕ್ಕಿ ಇದೆಯೇ ಎಂದು ಆ ವಾರ ಯಾರೂ ನೋಡುವುದಿಲ್ಲ. ಇಪ್ಪತ್ತೆಂಟು ಜನ ಚಂದಾದಾರರಿದ್ದರು ನಮಗೆ. ತಲಾ ಹತ್ತು ರೂಪಾಯಿ. ಹಿಂದಿರುಗಿಸಿದೆವಾ ಎಂದು ಕೇಳಬೇಡಿ.

ಆದರೆ ಒಂದು ವ್ಯತ್ಯಾಸ ಇದೆ, ಬಿಡಿ. ನಾವು ಅದನ್ನು ಕನ್ನಡ ಸಾಹಿತ್ಯದ ಹೊಸ ತಿರುವು ಎಂದು ಕರೆಯಲಿಲ್ಲ. ಎರಡನೇ ಸಲ ಯಾರ ಬಳಿಯೂ ಹತ್ತು ರೂಪಾಯಿ ಕೇಳಲಿಲ್ಲ. ನಾಚಿಕೆಯಾಗಿ ಸುಮ್ಮನಾದೆವು. ಈಗಿನವರು ನಾಚಿಕೆಗೂ ವಿನ್ಯಾಸಕಾರರನ್ನು ಇಟ್ಟುಕೊಂಡಿದ್ದಾರೆ.

ಕಳೆದ ವಾರ ಸಂಪಾದಕರ ಪತ್ರ ಬಂತು. ಖುದ್ದು ಸಹಿ. ತ್ರೈಮಾಸಿಕ ಎಂಬ ಚೌಕಟ್ಟು ಕೂಡ ಬಳಗಕ್ಕೆ ಬಂಧನ ಎನಿಸುತ್ತಿದೆಯಂತೆ. ಸಂಚಿಕೆ ತಾನಾಗಿ ಮಾಗಿದಾಗ ಹೊರಬರಲಿ ಎಂಬ ಆಶಯವಂತೆ. ಹಲಸಿನ ಹಣ್ಣಿನ ಬಗ್ಗೆ ಮಾತಾಡುತ್ತಿದ್ದಾರೋ ಎಂದು ಎರಡು ಸಲ ಓದಿದೆ. ಅಚ್ಚು ಬೇಕೋ, ಪಿಡಿಎಫ್ ಸಾಕೋ ತಿಳಿಸಿ ಎಂದಿದ್ದರು. ಹಳೆಯ ಆಜೀವ ಚಂದಾ ಮಾಸಿಕಕ್ಕೆ ಸಂಬಂಧಿಸಿದ್ದು, ಹೊಸ ರೂಪಕ್ಕೆ ಹೊಸ ಆಜೀವ ಸದಸ್ಯತ್ವ ಪಡೆಯಬೇಕು ಎಂಬ ಸಾಲು ಕೊನೆಯಲ್ಲಿ, ಸಣ್ಣಕ್ಷರದಲ್ಲಿ. ಹಿರಿಯ ಓದುಗರ ಅನುಕೂಲದ ನೆನಪು ಆ ಸಾಲಿಗೆ ಬಂದಿರಲಿಲ್ಲ.

ಉತ್ತರ ಬರೆದೆ.

"ಮಾನ್ಯರೇ, ನಮಸ್ಕಾರ. ಪ್ರತಿ ಕೋರಿಕೆಗೂ ಹಣ ಕಳಿಸುವ ಧಾವಂತದಲ್ಲಿ ನನ್ನ ಚಂದಾ ಕಟ್ಟುವ ಉತ್ಸಾಹ ಬತ್ತಿಹೋಗಿದೆ. ಅದನ್ನು ಮರಳಿ ಪಡೆಯಲು ನನ್ನ ಪಾವತಿಯ ಸ್ವರೂಪ ಮತ್ತು ಅವಧಿಯನ್ನು ಬದಲಿಸಿಕೊಂಡಿದ್ದೇನೆ. ಇನ್ನು ಮುಂದೆ ನನ್ನ ಚಂದಾ ಅನಿಯತಕಾಲಿಕವಾಗಿ ಬರಲಿದೆ. ಅದು ತಾನಾಗಿ ಮಾಗಲಿ ಎಂಬ ಆಶಯ ನನ್ನದೂ. ಗಾತ್ರ ಕಿರಿದಾಗಿರುತ್ತದೆ, ಸುತ್ತ ಸಾಕಷ್ಟು ಬಿಳಿ ಜಾಗ ಇರುತ್ತದೆ. ಮೊದಲ ಎರಡು ಕಂತುಗಳನ್ನು ಅನಿವಾರ್ಯ ಕಾರಣಗಳಿಂದ ಜಂಟಿಯಾಗಿ ತರಲಾಗುವುದು. ಎಂದಿನಂತೆ ಸಹಕರಿಸಬೇಕು."

ನಾಲ್ಕೇ ದಿನದಲ್ಲಿ ಮರುಟಪಾಲು ಬಂತು. ಎಂಟು ವರ್ಷದಲ್ಲಿ ಅವರಿಂದ ಇಷ್ಟು ಬೇಗ ಬಂದದ್ದು ಇದೊಂದೇ.

ನನ್ನ ಪತ್ರ ಅವರಿಗೆ ತುಂಬ ಹಿಡಿಸಿದೆಯಂತೆ. ಹಾಸ್ಯಪ್ರಜ್ಞೆ ಮೆಚ್ಚುವಂಥದ್ದಂತೆ. ಮುಂದಿನ ಸಂಚಿಕೆಯ 'ಓದುಗರ ಓಲೆ' ವಿಭಾಗದಲ್ಲಿ, ಅದರ ಹೊಸ ಹೆಸರು 'ಸಹೃದಯ ಸ್ಪಂದನ', ಪುಟಮಿತಿಗೆ ಒಳಪಟ್ಟು ಪ್ರಕಟಿಸುತ್ತಾರಂತೆ. ದಯವಿಟ್ಟು ಬೇರೆಡೆ ಕಳಿಸಬಾರದಂತೆ.

ಇಗೋ, ಕಳಿಸಿದ್ದೇನೆ.